ಬಲಗಡೆ ಯಾರು, ಎಡಗಡೆ ಯಾರು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡು ಬಂದಿವೆ. ದೀನತೆ, ಸೇವೆ, ಅದರ ಬೆನ್ನಿಗೇ ಬರುವ ಹೆಸರು, ಕುರ್ಚಿ, ಶಾಲು, ಹಾರ. ಕೆಲವು ಪತ್ರ ತುಂಬಾ ಉದ್ದ ಇದ್ದವು, ಕತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ. ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮ ಚರ್ಚ್ ಸಭೆಯ ಲೆಕ್ಕಪತ್ರವನ್ನು ಬಹಳ ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಸಂಬಳ ಇಲ್ಲ, ಕೇಳಿಯೂ ಇಲ್ಲ. ಹೊಸ ಕಟ್ಟಡದ ಪ್ರತಿಷ್ಠೆ ಆದಾಗ ಬಾಗಿಲ ಪಕ್ಕ ಒಂದು ಕಲ್ಲು ಹಾಕಿದರು. ಕಮಿಟಿಯವರ ಹೆಸರಿದೆ, ದೊಡ್ಡ ಕಾಣಿಕೆ ಕೊಟ್ಟವರ ಹೆಸರಿದೆ, ನನ್ನದಿಲ್ಲ. ನಾನು ಹೆಸರಿಗಾಗಿ ಮಾಡಿದ್ದಲ್ಲ. ಆದರೂ ಪ್ರತಿ ಭಾನುವಾರ ಆ ಕಲ್ಲು ಕಂಡಾಗ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಇದು ಅಹಂಕಾರವೇ? – ಹಾಸನ

ಉತ್ತರ: ನೋವಾಗಿದೆ ಎಂದು ನೇರವಾಗಿ ಬರೆದಿದ್ದೀರಿ, ಒಳ್ಳೆಯದಾಯಿತು. "ನನಗೇನೂ ಬೇಡಪ್ಪ" ಎನ್ನುತ್ತಲೇ ವರ್ಷಗಟ್ಟಲೆ ಮುಖ ಊದಿಸಿಕೊಂಡಿರುವವರ ಜೊತೆ ಕಮಿಟಿಯಲ್ಲಿ ಕೂತವರಿಗೆ ಅದರ ಕಷ್ಟ ಗೊತ್ತು.

ಮೊದಲು ನಿಮ್ಮ ಪರವಾಗಿ ಎರಡು ಮಾತು. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು, ಒಬ್ಬ ಮಾತ್ರ ತಿರುಗಿ ಬಂದು ಕಾಲಿಗೆ ಬಿದ್ದ. ಆಗ ಯೇಸುಸ್ವಾಮಿ "ಹೋಗಲಿ ಬಿಡು" ಎಂದು ಸುಮ್ಮನಾಗಲಿಲ್ಲ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದರು. ಬೈಬಲಿನ ಲೂಕ 17ರಲ್ಲಿದೆ. ಮಾಡಿದ ಉಪಕಾರವನ್ನು ಜನ ಮರೆತದ್ದು ಅವರ ಗಮನಕ್ಕೂ ಬಂದಿತ್ತು. ಹಾಗಿರುವಾಗ ನಿಮಗೆ ಬೇಜಾರಾದರೆ ಅದನ್ನು ತಕ್ಷಣ ಪಾಪದ ಪಟ್ಟಿಗೆ ಸೇರಿಸಬೇಕಿಲ್ಲ.

ಎರಡನೆಯದು, ಅಪೊಸ್ತಲ ಪೌಲ ರೋಮಾಪುರದ ಸಭೆಯವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಪ್ರಸಂಗದಲ್ಲಿ ಯಾರೂ ಮುಟ್ಟದ ಅಧ್ಯಾಯ ಅದು, ಬರೀ ಹೆಸರುಗಳು ತಾನೇ ಎಂದು. ಪೌಲ ಒಬ್ಬೊಬ್ಬರನ್ನೂ ನೆನೆಸಿಕೊಳ್ಳುತ್ತಾನೆ. ಫೊಯಿಬೆ ಎಂಬ ಸಹೋದರಿ ಬಹಳ ಜನಕ್ಕೆ ನೆರವಾದವಳು, ಮರಿಯಳು ನಿಮಗೋಸ್ಕರ ತುಂಬಾ ದುಡಿದವಳು, ಪ್ರಿಸ್ಕ ಮತ್ತು ಅಕ್ವಿಲ ನನ್ನ ಪ್ರಾಣ ಉಳಿಸಲು ತಮ್ಮ ಕುತ್ತಿಗೆ ಕೊಡುವುದಕ್ಕೂ ತಯಾರಾದವರು. ಕೊನೆಯಲ್ಲಿ ಒಂದು ಸಾಲು ನನಗೆ ಬಹಳ ಇಷ್ಟ. ಪೌಲ ಹೇಳುತ್ತಾ ಹೋದದ್ದನ್ನು ಕೂತು ಬರೆದುಕೊಂಡ ತೆರ್ತ್ಯ ಎಂಬುವನು, ಈ ಪತ್ರ ಬರೆದ ನಾನೂ ನಿಮಗೆ ವಂದನೆ ಹೇಳುತ್ತೇನೆ ಎಂದು ನಡುವೆ ತನ್ನ ಒಂದು ಸಾಲು ಸೇರಿಸಿದ್ದಾನೆ. ಪೌಲ ಅದನ್ನು ಹೊಡೆದು ಹಾಕಲಿಲ್ಲ. ಲೆಕ್ಕ ಬರೆಯುವ ನಿಮ್ಮನ್ನು ಮರೆತದ್ದು ಸಭೆಯ ತಪ್ಪು. ನಿಮ್ಮ ದೀನತೆಯನ್ನು ನೆಪ ಮಾಡಿಕೊಂಡು ಸಭೆ ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಈಗ ಇನ್ನೊಂದು ಕಡೆ. ಮಾರ್ಕ 10 ತೆಗೆಯಿರಿ. ಯೆರೂಸಲೇಮಿಗೆ ಹೋಗುವ ದಾರಿ. ಅಲ್ಲಿ ನನ್ನನ್ನು ಹಿಡಿದುಕೊಡುತ್ತಾರೆ, ಉಗುಳುತ್ತಾರೆ, ಕೊರಡೆಯಿಂದ ಹೊಡೆಯುತ್ತಾರೆ, ಕೊಲ್ಲುತ್ತಾರೆ ಎಂದು ಯೇಸು ಆಗ ತಾನೇ ಹೇಳಿ ಮುಗಿಸಿದ್ದಾರೆ. ಅದರ ಹಿಂದೆಯೇ ಹನ್ನೆರಡು ಶಿಷ್ಯರಲ್ಲಿ ಯಾಕೋಬ, ಯೋಹಾನ ಇಬ್ಬರೂ ಹತ್ತಿರ ಬಂದು, ನಿನ್ನ ಮಹಿಮೆಯ ಕಾಲದಲ್ಲಿ ನಮ್ಮಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡು ಎನ್ನುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಅವರ ಅಮ್ಮನೇ ಶಿಫಾರಸಿಗೆ ಬರುತ್ತಾಳೆ. ನಮ್ಮ ಕಡೆಯ ಅಮ್ಮಂದಿರನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಉಳಿದ ಹತ್ತು ಮಂದಿಗೆ ಇದು ಗೊತ್ತಾಗಿ ಸಿಟ್ಟು ಬಂತು. ಇಂಥ ಆಸೆ ತಪ್ಪು ಎಂದು ಸಿಟ್ಟೇ? ನನಗೆ ಹಾಗನಿಸುವುದಿಲ್ಲ. ಒಂದು ಅಧ್ಯಾಯ ಹಿಂದಕ್ಕೆ ಹೋದರೆ, ಕಪೆರ್ನೌಮಿಗೆ ಬರುವ ದಾರಿಯಲ್ಲಿ ಅವರೆಲ್ಲ ಸೇರಿ ನಮ್ಮಲ್ಲಿ ಯಾರು ದೊಡ್ಡವನು ಎಂದು ಜಗಳ ಆಡಿಕೊಂಡೇ ಬಂದಿದ್ದರು. ಅವರಿಬ್ಬರು ತಮಗಿಂತ ಮೊದಲು ಕೇಳಿಬಿಟ್ಟರಲ್ಲ ಎಂಬುದೇ ಹತ್ತು ಮಂದಿಯ ಸಂಕಟ.

ಆಗ ಯೇಸು, ದೊಡ್ಡವರಾಗುವ ಆಸೆಯನ್ನೇ ಬಿಟ್ಟುಬಿಡಿ ಎಂದು ಹೇಳಲಿಲ್ಲ, ನೋಡಿ. ದೊಡ್ಡವನಾಗಬೇಕು ಅನ್ನುವವನು ಸೇವಕನಾಗಲಿ, ಮೊದಲನೆಯವನಾಗಬೇಕು ಅನ್ನುವವನು ಎಲ್ಲರ ಆಳಾಗಲಿ ಎಂದರು. ಆ ಲೆಕ್ಕದಲ್ಲಿ ನೀವು ಈಗಾಗಲೇ ದೊಡ್ಡ ಕೆಲಸದಲ್ಲಿದ್ದೀರಿ, ಕಲ್ಲು ಇದ್ದರೂ ಇಲ್ಲದಿದ್ದರೂ. ಇನ್ನು ಕಮಿಟಿಗೆ ಹೇಳಬೇಕೋ ಬೇಡವೋ? ಹೇಳಿ. ನಿಮ್ಮ ಹೆಸರು ಕೆತ್ತಿಸಿ ಎಂದಲ್ಲ. ಗಂಟೆ ಹೊಡೆಯುವವರು, ಸಂಡೇ ಸ್ಕೂಲ್ ನಡೆಸುವವರು, ಶೌಚಾಲಯ ತೊಳೆಯುವವರು ಯಾರೂ ಆ ಕಲ್ಲಿನಲ್ಲಿಲ್ಲ, ಕಮಿಟಿಯವರು, ದುಡ್ಡು ಕೊಟ್ಟವರು ಮಾತ್ರ ಇದ್ದಾರೆ, ಇದು ಸರಿಯಾ ಎಂದು ಕೇಳಿ. ಅವರ ಪರವಾಗಿ ಬಾಯಿ ಬಿಡುವಾಗ ನಿಮ್ಮ ಸಿಟ್ಟಿನಲ್ಲಿ ನಿಮ್ಮದೆಷ್ಟು, ನ್ಯಾಯದ್ದೆಷ್ಟು ಎಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಕೊಯ್ಲಿನ ಹಬ್ಬ ಇರಲಿ, ಕ್ರಿಸ್ಮಸ್ ಇರಲಿ, ಅಡುಗೆ ಮಾಡುವುದು, ಪಾತ್ರೆ ತಿಕ್ಕುವುದು, ಆಮೇಲೆ ಹಾಲ್ ಗುಡಿಸುವುದು ನಾವು ಏಳೆಂಟು ಹೆಂಗಸರೇ. ಗಂಡಸರೂ ಕೈಹಾಕಲಿ, ಸರದಿ ಮಾಡೋಣ ಎಂದು ಮೀಟಿಂಗಿನಲ್ಲಿ ಹೇಳಿದ್ದಕ್ಕೆ ಹಿರಿಯರೊಬ್ಬರು "ತಂಗೀ, ಸೇವೆಯಲ್ಲಿ ದೀನತೆ ಇರಬೇಕು, ಮಾರ್ಥಳ ಹಾಗೆ ಗೊಣಗಬಾರದು" ಅಂದರು. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಅತ್ತೆ. – ಶಿವಮೊಗ್ಗ

ಉತ್ತರ: ಅಮ್ಮಾ, ಆ ಹಿರಿಯರು ಮಾರ್ಥಳ ಕಥೆಯನ್ನು ಇನ್ನೊಂದು ಸಲ ಓದಬೇಕು. ಅದರಲ್ಲಿ ಯೇಸು ಒಬ್ಬ ಹೆಣ್ಣುಮಗಳನ್ನು ಅಡುಗೆಮನೆಗೆ ವಾಪಸ್ ಕಳಿಸಲು ಒಪ್ಪಲಿಲ್ಲ. ಮಾರ್ಥಳ ಸಹೋದರಿ ಮರಿಯ ಯೇಸುವಿನ ಪಾದದ ಬಳಿ ಕೂತು ವಾಕ್ಯ ಕೇಳುತ್ತಿದ್ದಳು, ಕೆಲಸಕ್ಕೆ ನೆರವಾಗಲು ಅವಳಿಗೆ ಹೇಳಿ ಎಂದು ಮಾರ್ಥ ದೂರಿದಾಗ ಅದನ್ನು ಅವಳಿಂದ ಕಿತ್ತುಕೊಳ್ಳಲಾಗದು ಎಂದರು. ಇದನ್ನು ಪಾತ್ರೆ ತಿಕ್ಕುವವರ ಬಾಯಿ ಮುಚ್ಚಿಸಲು ಬಳಸುವುದು ಹೇಗೆ ಅಂತ ನನಗಂತೂ ಗೊತ್ತಾಗುತ್ತಿಲ್ಲ.

ದೀನತೆಯ ಬಗ್ಗೆ ಯೇಸು ಆಡಿದ ಮಾತುಗಳನ್ನು ಯಾರಿಗೆ ಆಡಿದರು ಎಂದು ಸ್ವಲ್ಪ ನೋಡಿ. ಬಲಗಡೆ ಎಡಗಡೆ ಜಾಗ ಕೇಳಿದವರಿಗೆ. ಔತಣದ ಮನೆಯಲ್ಲಿ ಒಳ್ಳೆ ಜಾಗ ಹುಡುಕಿಕೊಂಡು ಕೂತವರಿಗೆ. ಪೇಟೆಯಲ್ಲಿ ನಮಸ್ಕಾರ, ಸಭಾಮಂದಿರದಲ್ಲಿ ಮುಖ್ಯ ಪೀಠ ಬಯಸಿದ ಶಾಸ್ತ್ರಿಗಳ ಬಗ್ಗೆ. ಮೇಲಿದ್ದವರಿಗೆ, ಮೇಲೆ ಹತ್ತಲು ನೋಡುತ್ತಿದ್ದವರಿಗೆ ಹೇಳಿದ ಮಾತು ಅದು. ರಕ್ತಸ್ರಾವದ ಹೆಂಗಸಿಗೆ, ಬಾವಿಯ ಬಳಿ ಸಿಕ್ಕ ಸಮಾರ್ಯದವಳಿಗೆ, ಗೂನುಬೆನ್ನಿನ ಆ ಹೆಂಗಸಿಗೆ ಯೇಸು ಎಲ್ಲಿಯೂ "ಇನ್ನಷ್ಟು ಬಗ್ಗು" ಎಂದು ಹೇಳಲಿಲ್ಲ. ಗೂನುಬೆನ್ನಿನವಳನ್ನಂತೂ ನೆಟ್ಟಗೆ ನಿಲ್ಲಿಸಿ ಕಳಿಸಿದರು.

ಆದಿಸಭೆಯಲ್ಲೂ ನಿಮ್ಮಂಥದ್ದೇ ದೂರು ಬಂದಿತ್ತು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ದೀನತೆಯ ಉಪದೇಶ ಮಾಡಲಿಲ್ಲ. ಎಲ್ಲರನ್ನೂ ಕರೆದು ಏಳು ಮಂದಿಯನ್ನು ಆರಿಸಿ ಎಂದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ, ಸ್ತೆಫನ, ಫಿಲಿಪ್ಪನಿಂದ ಹಿಡಿದು ನಿಕೊಲಾಯನವರೆಗೆ. ದೂರು ಕೊಟ್ಟ ಕಡೆಯವರ ಕೈಗೇ ಬಡಿಸುವ ಅಧಿಕಾರ ಕೊಟ್ಟರು ಅಂತ ಕಾಣುತ್ತದೆ. ಏಳೂ ಮಂದಿ ಗಂಡಸರು, ಕೆಲಸ ಊಟ ಬಡಿಸುವ ಉಸ್ತುವಾರಿ. ಮುಂದಿನ ಮೀಟಿಂಗಿನಲ್ಲಿ ಆ ಅಧ್ಯಾಯವನ್ನೇ ಓದಿಸಿ, ಆಮೇಲೆ ಸರದಿ ಪಟ್ಟಿ ಮುಂದಿಡಿ. ಮೊದಲ ಹೆಸರು ಆ ಹಿರಿಯರದ್ದೇ ಇರಲಿ.

ಪ್ರಶ್ನೆ: ವೇದಿಕೆಯ ಮೇಲೆ ಪಾಸ್ಟರಿಗೆ ಸಿಂಹಾಸನದಂಥ ಕುರ್ಚಿ, ನಮಗೆ ಪ್ಲಾಸ್ಟಿಕ್ ಕುರ್ಚಿ. ಇದು ಸರಿಯೇ? – ಬೆಳಗಾವಿ

ಉತ್ತರ: ಕುರ್ಚಿಯ ಮೇಲೆ ಸಿಟ್ಟು ಬೇಡ, ಅದನ್ನು ಕೊಂಡವರು ಸಭೆಯವರೇ ತಾನೆ. ನಾನು ಬೇರೆ ಒಂದು ಪರೀಕ್ಷೆ ಮಾಡುತ್ತೇನೆ. ಬಂಗಾರದ ಉಂಗುರ ಹಾಕಿಕೊಂಡವನು ಬಂದರೆ ಇಲ್ಲಿ ಕೂತುಕೊಳ್ಳಿ, ಕೊಳೆ ಬಟ್ಟೆಯವನು ಬಂದರೆ ಅಲ್ಲಿ ನಿಂತುಕೋ ಎನ್ನುತ್ತೀರಲ್ಲ ಎಂದು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಬೈಯುತ್ತಾನೆ. ನಿಮ್ಮ ಪಾಸ್ಟರು ಆರಾಧನೆ ಮುಗಿದ ಮೇಲೆ ಮೊದಲು ಯಾರ ಹತ್ತಿರ ಹೋಗಿ ಮಾತಾಡಿಸುತ್ತಾರೆ, ಕಾರಿನಲ್ಲಿ ಬಂದವರನ್ನೋ ಹಿಂದಿನ ಬೆಂಚಿನ ಮುದುಕರನ್ನೋ? ಅದನ್ನು ನೋಡಿ. ಯೋಹಾನನ 3ನೇ ಪತ್ರದಲ್ಲಿ ದಿಯೊತ್ರೇಫ ಎಂಬ ಒಬ್ಬ ಬರುತ್ತಾನೆ. ಸಭೆಯಲ್ಲಿ ತಾನೇ ಮೊದಲಿರಬೇಕು ಅವನಿಗೆ. ಅಪೊಸ್ತಲನ ಕಡೆಯವರನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಎಂಥ ಕುರ್ಚಿಯಲ್ಲಿ ಕೂತಿದ್ದನೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ಪ್ರಶ್ನೆ: ನಮ್ಮಲ್ಲಿ ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರ, ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಆ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದು, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ. ಫಾದರ್ ಮೂರು ಹನಿ ನೀರು ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ಇದು ನಾಟಕ ಅಲ್ವಾ? – ಮಂಗಳೂರು

ಉತ್ತರ: ಕಾಲು ತೊಳೆದುಕೊಂಡು ಬರುವುದು ನಾಚಿಕೆಯಿಂದಪ್ಪ, ಅವರನ್ನು ಬಿಟ್ಟುಬಿಡಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಆ ಕಾಲದಲ್ಲಿ ಚಪ್ಪಲಿ ಹಾಕಿಕೊಂಡು ಧೂಳಿನ ದಾರಿಯಲ್ಲಿ, ಕತ್ತೆ ಒಂಟೆ ಓಡಾಡುವ ಬೀದಿಯಲ್ಲಿ ನಡೆದು ಬಂದ ಕಾಲುಗಳು ಅವು. ಅದನ್ನು ತೊಳೆಯುವುದು ಮನೆಯ ಕೀಳು ಆಳಿನ ಕೆಲಸ. ಯೋಹಾನ 13ನೇ ಅಧ್ಯಾಯ ಅದನ್ನು ಒಂದೊಂದಾಗಿ ತೋರಿಸುತ್ತದೆ. ಯೇಸು ಊಟದ ನಡುವೆ ಎದ್ದರು, ಮೇಲಂಗಿ ತೆಗೆದಿಟ್ಟರು, ಟವೆಲ್ ಸೊಂಟಕ್ಕೆ ಕಟ್ಟಿಕೊಂಡರು, ಬೋಗುಣಿಗೆ ನೀರು ಹಾಕಿದರು, ಶಿಷ್ಯರ ಕಾಲು ತೊಳೆದರು, ಅದೇ ಟವೆಲಿನಿಂದ ಒರೆಸಿದರು. ಅವರನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಇಸ್ಕರಿಯೋತ ಇನ್ನೂ ಎದ್ದು ಹೋಗಿರಲಿಲ್ಲ. ಅವನು ಏನು ಮಾಡಲಿದ್ದಾನೆ ಎಂದು ತಿಳಿದೇ ಅವನ ಕಾಲನ್ನೂ ತೊಳೆದರು. ನನಗೆ ಇಡೀ ಅಧ್ಯಾಯದಲ್ಲಿ ಅರಗಿಸಿಕೊಳ್ಳಲು ಕಷ್ಟವಾಗುವುದು ಇದೇ. ಪ್ರೀತಿಯ ಶಿಷ್ಯರ ಕಾಲು ತೊಳೆಯಬಹುದು. ನಾಳೆ ನನ್ನ ಬೆನ್ನಿಗೆ ಚೂರಿ ಹಾಕುವವನ ಕಾಲು?

ಇದೇ ವಿಧಿಯನ್ನು ನಾಟಕವಾಗದ ಹಾಗೆ ಮಾಡಿದ್ದನ್ನೂ ನಾವು ಕಂಡಿದ್ದೇವೆ. 2013ರ ಮಾರ್ಚಿನಲ್ಲಿ ಪೋಪ್ ಆಗಿ ಆಯ್ಕೆಯಾದ ಫ್ರಾನ್ಸಿಸ್, ಅದೇ ತಿಂಗಳ ಪವಿತ್ರ ಗುರುವಾರ ದೊಡ್ಡ ಬೆಸಿಲಿಕದಲ್ಲಿ ಈ ವಿಧಿ ನಡೆಸಲಿಲ್ಲ. ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ ಮೊಣಕಾಲೂರಿ ಹನ್ನೆರಡು ಮಂದಿಯ ಕಾಲು ತೊಳೆದರು. ಅದರಲ್ಲಿ ಇಬ್ಬರು ಹುಡುಗಿಯರು, ಮುಸ್ಲಿಮರೂ ಇದ್ದರು. ಗಂಡಸರ ಕಾಲು ಮಾತ್ರ ಎಂದು ನಿಯಮ ಇದ್ದ ಕಾಲ ಅದು. ಗದ್ದಲ ಎದ್ದಿತು. 2016ರ ಜನವರಿಯಲ್ಲಿ ಆ ನಿಯಮವನ್ನೇ ಬದಲಾಯಿಸಿದರು. ನಿಮ್ಮ ಊರಿನಲ್ಲಿ ಈ ಸಲ ಪೌರಕಾರ್ಮಿಕರನ್ನೋ, ಮನೆಗೆಲಸದವರನ್ನೋ ಆ ಹನ್ನೆರಡರಲ್ಲಿ ಸೇರಿಸಿ ಎಂದು ಫಾದರಿಗೆ ಹೇಳಿ ನೋಡಿ. ಮೂರು ಹನಿ ನೀರು ಎಷ್ಟು ಭಾರ ಎಂದು ಆಗ ಗೊತ್ತಾಗುತ್ತದೆ.

ಪ್ರಶ್ನೆ: ಬೈಬಲ್ ಕಾಲದ್ದು ಸರಿ. ನಮ್ಮ ಹತ್ತಿರದವರು, ನಮ್ಮ ಕಾಲದವರು ಯಾರಾದರೂ ಈ ಮಾತಿನಂತೆ ಬದುಕಿದ್ದಾರಾ? – ಕೋಲಾರ, ನರ್ಸಿಂಗ್ ವಿದ್ಯಾರ್ಥಿನಿ

ಉತ್ತರ: ನಿಮ್ಮ ಜಿಲ್ಲೆಯಿಂದ ವೆಲ್ಲೂರು ದೂರವೇನಲ್ಲ. ಇಲ್ಲಿ ಕಾಯಿಲೆ ಗುಣವಾಗದಿದ್ದರೆ ಅಲ್ಲಿಗೆ ಹೊರಡುವವರು ನಮ್ಮಲ್ಲಿ ಎಷ್ಟೋ ಜನ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಧ್ಯೇಯವಾಕ್ಯ ಗಮನಿಸಿದ್ದೀರಾ? ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ. ಯಾಕೋಬ, ಯೋಹಾನರ ಜಗಳಕ್ಕೆ ಯೇಸು ಕೊಟ್ಟ ಉತ್ತರದ ಕೊನೆಯ ಸಾಲಿನಿಂದಲೇ, ಮಾರ್ಕ 10:45ರಿಂದ ಬಂದದ್ದು.

ಅದನ್ನು ಶುರು ಮಾಡಿದ ಐಡಾ ಸ್ಕಡ್ಡರ್ ಮಿಷನರಿ ಡಾಕ್ಟರುಗಳ ಮನೆಯ ಹುಡುಗಿ, ಆದರೆ ಆ ದಾರಿ ತನಗೆ ಬೇಡವೇ ಬೇಡ ಎಂದುಕೊಂಡಿದ್ದವರು. ಅಮ್ಮನಿಗೆ ಹುಷಾರಿಲ್ಲ ಎಂದು ತಮಿಳುನಾಡಿಗೆ ಬಂದಾಗ ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಗಂಡಸು ಡಾಕ್ಟರ್ ಮುಟ್ಟುವ ಹಾಗಿಲ್ಲ, ಹೆಂಗಸು ಬೇಕು. ಈಕೆ ಡಾಕ್ಟರ್ ಅಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ಹೆಂಗಸರು ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಮೆಡಿಕಲ್ ಸ್ಕೂಲ್ ಶುರುವಾಯಿತು. ತಾನೊಬ್ಬಳೇ ಎಲ್ಲರನ್ನೂ ಉಳಿಸುತ್ತೇನೆ ಎಂದು ಹೊರಡದೆ ಇಲ್ಲಿನ ಹುಡುಗಿಯರಿಗೇ ಕೆಲಸ ಕಲಿಸಿದರಲ್ಲ, ಅವರ ದೊಡ್ಡತನ ನನಗೆ ಕಾಣುವುದು ಅಲ್ಲಿ.

ಹತ್ತಿರದವರು ಎಂದಿರಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಎಂಬ ಜೆಸ್ವಿಟ್ ಗುರು 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು, ಮುಂದೆ ಕುಷ್ಠರೋಗಿಗಳಿಗೂ ಆಸರೆ ಕಟ್ಟಿದರು. ಈಗ ಅಲ್ಲಿ ದೊಡ್ಡ ಆಸ್ಪತ್ರೆಯೇ ಇದೆ. ನೀವು ನರ್ಸ್ ಆಗುವವರು, ಇಷ್ಟು ಮಾತ್ರ ಹೇಳುತ್ತೇನೆ. ಇಂಥವರನ್ನು ಗೋಡೆಯ ಮೇಲಿನ ಫೋಟೊ ಮಾಡಿಬಿಟ್ಟರೆ ನಮ್ಮ ಪಾಲಿನ ಕೆಲಸ ಸುಲಭವಾಗಿ ತಪ್ಪುತ್ತದೆ. ರಾತ್ರಿ ಡ್ಯೂಟಿಯಲ್ಲಿ ಬೆಡ್‌ಪ್ಯಾನ್ ಬದಲಾಯಿಸುವಾಗ ಮುಖ ಸಿಂಡರಿಸದೆ ಇರುವುದೂ ಅದೇ ವಾಕ್ಯದ ಕೆಳಗೇ ಬರುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಜೀವಮಾನವಿಡೀ ನಾಲ್ಕು ಜನಕ್ಕೆ ಕೈಲಾದದ್ದು ಮಾಡಿದವಳು. ಈಗ ಸೊಂಟದ ಮೂಳೆ ಮುರಿದು ಮಲಗಿದ್ದೇನೆ. ಸೊಸೆ ಎತ್ತಿ ಕೂರಿಸಿ ಸ್ನಾನ ಮಾಡಿಸುತ್ತಾಳೆ. ನಾಚಿಕೆಯಿಂದ ಸತ್ತುಹೋಗಬಾರದೇ ಅನಿಸುತ್ತದೆ. ಸೇವೆ ಮಾಡಲಾಗದವಳು ದೇವರಿಗೆ ಯಾಕೆ ಬೇಕು? – ಮೈಸೂರು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸತ್ತುಹೋಗಬಾರದೇ ಎಂಬ ಮಾತನ್ನು ಮೊದಲು ಮಗನಿಗೋ ಸೊಸೆಗೋ ಬಾಯಿಬಿಟ್ಟು ಹೇಳಿ, ಡಾಕ್ಟರಿಗೂ ಹೇಳಿ. ಒಳಗೇ ಇಟ್ಟುಕೊಳ್ಳಬೇಡಿ.

ಯೇಸು ಶಿಷ್ಯರ ಪಾದ ತೊಳೆಯುವಾಗ ಬೇಡ ಎಂದವನು ಪೇತ್ರ ಒಬ್ಬನೇ. ನೀನು ನನ್ನ ಕಾಲು ತೊಳೆಯುವುದೇ, ಎಂದಿಗೂ ಆಗದು ಎಂದ. ಕೇಳಲು ಎಷ್ಟು ವಿನಯ! ಯೇಸು ಅದನ್ನು ಮೆಚ್ಚಲಿಲ್ಲ. ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದರು. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ, ತಗೊಳ್ಳುವ ಕೈ ಕೆಳಗೆ. ಇಷ್ಟು ವರ್ಷ ನಿಮ್ಮ ಕೈ ಮೇಲಿತ್ತು. ಈಗ ಕೆಳಗಿಡುವುದು ಕಷ್ಟ, ಹೌದು.

ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರಿಗೆ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಗಿನ್ನೂ ಚಿಕ್ಕ ವಯಸ್ಸು. ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೊಕ್ಕೆಯಂತೆ ಮಡಚಿಕೊಂಡ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ತಮ್ಮಂತೆ ಸ್ವಾಧೀನ ತಪ್ಪಿದವರಿಗಾಗಿ ಪುನರ್ವಸತಿ ವಿಭಾಗ ಕಟ್ಟಿದರು. ನೀವೂ ಎದ್ದು ಹಾಗೆ ಮಾಡಿ ಅಂತಲ್ಲ ನಾನು ಹೇಳುತ್ತಿರುವುದು. ಬೇರೆಯವರು ಎತ್ತಿ ಕೂರಿಸಬೇಕಾದ ದೇಹದಲ್ಲಿದ್ದವರೂ ಯಾರಿಗೂ ಕಡಿಮೆಯಾಗಲಿಲ್ಲ ಅಂತ. ನಾಳೆ ಸೊಸೆ ಬಿಸಿನೀರು ತಂದಾಗ "ನಿನಗೆ ಕಷ್ಟ ಕೊಡ್ತಿದ್ದೀನಮ್ಮ" ಅನ್ನುವ ಬದಲು, ಚೆನ್ನಾಗಿ ಸ್ನಾನ ಮಾಡಿಸಿದೆ ಅನ್ನಿ. ಅವಳಿಗೂ ಹಗುರಾಗುತ್ತದೆ.

ಪ್ರಶ್ನೆ: ಆಫೀಸಿನಲ್ಲಿ ದೀನನಾಗಿದ್ದರೆ ತಲೆ ಮೇಲೆ ಹತ್ತುತ್ತಾರೆ. ಅಪ್ರೈಸಲ್ ಸಮಯದಲ್ಲಿ ನನ್ನ ಕೆಲಸ ನಾನೇ ಹೇಳಿಕೊಳ್ಳಬಾರದೇ? – ಬೆಂಗಳೂರು

ಉತ್ತರ: ಧಾರಾಳವಾಗಿ ಹೇಳಿಕೊಳ್ಳಿ. ಮಾಡಿದ್ದನ್ನು ಮಾಡಿಲ್ಲ ಎನ್ನುವುದೂ ಸುಳ್ಳೇ. ಫಿಲಿಪ್ಪಿಯಲ್ಲಿ ಪೌಲನನ್ನು ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿ, ಮರುದಿನ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದರು. ನಾವು ರೋಮ್ ಪೌರರು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದು ಅವನು ಕೂತುಬಿಟ್ಟ. ದೀನತೆಯ ಬಗ್ಗೆ ಫಿಲಿಪ್ಪಿಯವರಿಗೇ ಅಷ್ಟು ಚೆಂದದ ಪತ್ರ ಬರೆದವನೂ ಅವನೇ. ನಿಮ್ಮ ಟೀಮಿನ ಜೂನಿಯರ್ ಮಾಡಿದ ಕೆಲಸವನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ, ಅಷ್ಟೇ.

ಪ್ರಶ್ನೆ: ನಮ್ಮ ಯುವಜನ ಕೂಟ ಚಳಿಗಾಲದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಕಂಬಳಿ ಕೊಡುತ್ತದೆ. ಫೋಟೊ ಸ್ಟೇಟಸ್‌ಗೆ ಹಾಕಿದರೆ ಕಾಣಿಕೆ ಜಾಸ್ತಿ ಬರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಕೆಲವರ ತಕರಾರು. ಏನು ಮಾಡೋಣ? – ಹುಬ್ಬಳ್ಳಿ

ಉತ್ತರ: ದುಡ್ಡು ಕೊಟ್ಟವರಿಗೆ ಲೆಕ್ಕ ಕೊಡಲೇಬೇಕು, ಅದನ್ನು ಮುಚ್ಚಿಡುವುದು ದೀನತೆ ಅಲ್ಲ. ಕಂಬಳಿ ಕೊಂಡ ಬಿಲ್ಲಿನ ಫೋಟೊ ಹಾಕಿ, ಎಷ್ಟು ಬಂತು ಎಷ್ಟು ಖರ್ಚಾಯಿತು ಬರೆಯಿರಿ. ಮಲಗಿದ್ದವರನ್ನು ಎಬ್ಬಿಸಿ, ಐದಾರು ಮಂದಿ ಒಂದು ಕಂಬಳಿಯ ತುದಿ ಹಿಡಿದು ನಗುವ ಫೋಟೊ ಮಾತ್ರ ಬೇಡ. ಆ ಮನುಷ್ಯನ ಊರಿನವರು, ಮಕ್ಕಳು ಅದನ್ನು ನೋಡಬಹುದು. ಇನ್ನು, ಕೊಟ್ಟು ಬಂದ ವಾರದ ಮೇಲೆ ಮತ್ತೆ ಹೋಗಿ, ಕಂಬಳಿ ಇದೆಯೋ ಯಾರಾದರೂ ಎತ್ತಿಕೊಂಡು ಹೋದರೋ ವಿಚಾರಿಸಿ. ಕ್ಯಾಮೆರಾ ಇಲ್ಲದ ಆ ಎರಡನೇ ಸಲಕ್ಕೆ ಕೂಟದಲ್ಲಿ ಎಷ್ಟು ಜನ ಬರುತ್ತಾರೆ ನೋಡಿ, ನನಗೂ ಬರೆದು ತಿಳಿಸಿ.

ಮುಂದಿನ ತಿಂಗಳು ದಶಮಾಂಶದ ಪ್ರಶ್ನೆಗಳು. ಈಗಾಗಲೇ ಬಹಳ ಬಂದಿವೆ. ಪತ್ರ ಒಂದು ಪುಟ ಮೀರದಿರಲಿ.